ಥೈರಾಯ್ಡ್ ಮಾತ್ರೆ: ಟಿ4 ಒಂದೇ ಸಾಕೇ?

ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದವರಿಗೆ ಇಂದು ಜಗತ್ತಿನ ಎಲ್ಲೆಡೆ ವೈದ್ಯರು ಮೊದಲು ಬರೆದುಕೊಡುವುದು ಲೆವೊಥೈರಾಕ್ಸಿನ್ ಎಂಬ ಒಂದೇ ಔಷಧಿಯನ್ನು. ಮೆಡಿಕಲ್ ಶಾಪ್‌ಗಳಲ್ಲಿ ಥೈರೊನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಎಂದು ಬೇರೆ ಬೇರೆ ಹೆಸರಿನಲ್ಲಿ ಸಿಗುವುದೆಲ್ಲ ಇದೇ. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂದಿತ್ತು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವವರು ಇಲ್ಲದ ಬೀದಿ ಈಗ ಸಿಗುವುದು ಕಷ್ಟ. ಇವರಲ್ಲಿ ಬಹುಪಾಲು ಜನಕ್ಕೆ ಆ ಮಾತ್ರೆಯೇ ಸಾಕು. ಆದರೆ ನೂರಕ್ಕೆ ಐದರಿಂದ ಹದಿನೈದು ಮಂದಿ, ರಕ್ತಪರೀಕ್ಷೆ ‘ನಾರ್ಮಲ್’ ಬಂದ ಮೇಲೂ, ಸುಸ್ತು ಹೋಗಲಿಲ್ಲ, ತೂಕ ಇಳಿಯಲಿಲ್ಲ, ತಲೆ ಓಡುವುದಿಲ್ಲ ಎಂದು ಹೇಳುತ್ತಲೇ ಇರುತ್ತಾರೆ. ಲೆವೊಥೈರಾಕ್ಸಿನ್‌ಗೆ ಬದಲಾಗಿ ಅಥವಾ ಅದರ ಜೊತೆಗೆ ಬೇರೆ ಹಾರ್ಮೋನ್ ಕೊಡಬೇಕೇ ಎಂಬ ಚರ್ಚೆ ನಡೆಯುತ್ತಿರುವುದು ಮುಖ್ಯವಾಗಿ ಇವರ ಸಲುವಾಗಿ.

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಎರಡು ಹಾರ್ಮೋನ್‌ಗಳನ್ನು ಸ್ರವಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿರುವ ಥೈರಾಕ್ಸಿನ್‌ಗೆ ಟಿ4 ಎಂದೂ ಮೂರಿರುವ ಟ್ರೈಅಯೋಡೋಥೈರೊನಿನ್‌ಗೆ ಟಿ3 ಎಂದೂ ಹೆಸರು. ಗ್ರಂಥಿಯಿಂದ ಹೊರಬರುವುದರಲ್ಲಿ ಹೆಚ್ಚಿನ ಪಾಲು ಟಿ4; ಟಿ3ರ ಒಂದು ಪಾಲಿಗೆ ಟಿ4 ಸುಮಾರು ಹದಿನಾಲ್ಕು ಪಾಲು. ಆದರೆ ಜೀವಕೋಶದೊಳಗೆ ನಿಜವಾಗಿ ಕೆಲಸ ಮಾಡುವುದು ಟಿ3. ಪಿತ್ತಜನಕಾಂಗ, ಮೂತ್ರಪಿಂಡ, ಮಾಂಸಖಂಡ, ಮಿದುಳು ಮುಂತಾದ ಕಡೆ ಡಿಅಯೋಡಿನೇಸ್ ಎಂಬ ಕಿಣ್ವಗಳು ಟಿ4ನಿಂದ ಒಂದು ಅಯೋಡಿನ್ ಕಿತ್ತು ಅದನ್ನು ಟಿ3 ಮಾಡಿಕೊಳ್ಳುತ್ತವೆ. ದೇಹದ ಟಿ3ರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹೀಗೆ ಗ್ರಂಥಿಯ ಹೊರಗೆ ತಯಾರಾದದ್ದೇ. ರಕ್ತದಲ್ಲಿ ಹಾರ್ಮೋನ್ ಎಷ್ಟಿದೆ ಎಂದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಗಮನಿಸುತ್ತಿರುತ್ತದೆ. ಕಡಿಮೆಯಾದರೆ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಏರಿಸಿ ಥೈರಾಯ್ಡನ್ನು ಚುರುಕುಗೊಳಿಸುತ್ತದೆ, ಹೆಚ್ಚಾದರೆ ಇಳಿಸುತ್ತದೆ. ಲ್ಯಾಬ್ ವರದಿಯಲ್ಲಿ ವೈದ್ಯರ ಕಣ್ಣು ಮೊದಲು ಹೋಗುವುದು ಈ ಟಿಎಸ್‌ಎಚ್ ಮೇಲೆ.

ಚಿಕಿತ್ಸೆ ಶುರುವಾದದ್ದು ಮಾತ್ರ ಪ್ರಾಣಿಯ ಗ್ರಂಥಿಯಿಂದ. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಮುಖ ಊದಿಕೊಂಡು ಮಾತು ನಡಿಗೆಯೆಲ್ಲ ನಿಧಾನವಾಗಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚುಮದ್ದಾಗಿ ಕೊಟ್ಟರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಅಷ್ಟು ಕಾಲ ಆಕೆಯನ್ನು ಪೊರೆಯಲು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಮರುವರ್ಷವೇ ಹೆಕ್ಟರ್ ಮೆಕೆಂಜಿ ಮತ್ತು ಎಡ್ವರ್ಡ್ ಫಾಕ್ಸ್ ಎಂಬ ವೈದ್ಯರು, ಸೂಜಿಯ ಹಂಗಿಲ್ಲದೆ ಬಾಯಿಂದ ತಿಂದರೂ ಗುಣವಾಗುತ್ತದೆಂದು ತೋರಿಸಿದರು. ಫಾಕ್ಸ್ ತಮ್ಮ ರೋಗಿಗೆ ಹೇಳಿದ್ದು ವಾರಕ್ಕೊಮ್ಮೆ ಕುರಿಯ ಅರ್ಧ ಗ್ರಂಥಿಯನ್ನು ಲಘುವಾಗಿ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯ ಜೊತೆ ತಿನ್ನಲು. ಔಷಧಿಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಸಲೀಸಾಗಿ ಅಡುಗೆಮನೆಯಿಂದ ಬಂದು ಇಷ್ಟು ಖಚಿತವಾಗಿ ಕೆಲಸ ಮಾಡಿದ ಮದ್ದು ಅಪರೂಪ.

1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮುಂದೆ ಸುಮಾರು ಮೂರು ಟನ್ ಹಂದಿ ಥೈರಾಯ್ಡನ್ನು ಸಂಸ್ಕರಿಸಿದಾಗ ಅವರ ಕೈಗೆ ಸಿಕ್ಕಿದ್ದು 33 ಗ್ರಾಂ. 1920ರ ದಶಕದಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆಯನ್ನು ಬಿಡಿಸಿ, ಜಾರ್ಜ್ ಬಾರ್ಜರ್ ಜೊತೆ ಸೇರಿ ಪ್ರಯೋಗಾಲಯದಲ್ಲೇ ತಯಾರಿಸಿದರು. ಮಾತ್ರೆಗೆ ಒಗ್ಗುವ ಸೋಡಿಯಂ ಲವಣ ಬಂದದ್ದು 1949ರಲ್ಲಿ. 1952ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಟಿ3 ಕಂಡುಹಿಡಿದರು. ಅಲ್ಲಿಂದ ಎರಡು ದಶಕ ಹಂದಿ ಗ್ರಂಥಿಯ ಪುಡಿ, ಟಿ4, ಟಿ3, ಎರಡರ ಮಿಶ್ರಣ ಎಲ್ಲವೂ ಪಕ್ಕಪಕ್ಕದಲ್ಲೇ ಬಳಕೆಯಲ್ಲಿದ್ದವು. 1970ರಲ್ಲಿ ಬ್ರೇವರ್‌ಮನ್, ಇಂಗ್‌ಬಾರ್ ಮತ್ತು ಸ್ಟರ್ಲಿಂಗ್, ಥೈರಾಯ್ಡೇ ಇಲ್ಲದವರ ದೇಹವೂ ನುಂಗಿದ ಟಿ4ನಿಂದ ಟಿ3 ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿದ ಮೇಲೆ ವೈದ್ಯಲೋಕ ಟಿ4 ಕಡೆ ವಾಲಿತು. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ತೆಗೆದುಕೊಳ್ಳುತ್ತದೆ. ಒಂದು ದಿನ ಮಾತ್ರೆ ಮರೆತರೂ ಮಟ್ಟ ಅಲುಗಾಡುವುದಿಲ್ಲ. ದಿನಕ್ಕೊಂದೇ ಮಾತ್ರೆ, ಬೆಲೆಯೂ ಕಡಿಮೆ. ದೇಹಕ್ಕೆ ಎಷ್ಟು ಟಿ3 ಬೇಕೋ ಅಷ್ಟನ್ನು ಅದೇ ಮಾಡಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಇಂದಿನ ಚಿಕಿತ್ಸೆಯೆಲ್ಲ ನಿಂತಿದೆ.

ಈ ನಂಬಿಕೆ ಬಹುತೇಕ ಸರಿ, ಪೂರ್ತಿ ಅಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಥೈರಾಯ್ಡ್ ತೆಗೆಸಿಕೊಂಡು ಲೆವೊಥೈರಾಕ್ಸಿನ್ ಮಾತ್ರ ತೆಗೆದುಕೊಳ್ಳುತ್ತಿದ್ದ 1,811 ಜನರನ್ನು ಇಟಲಿಯ ತಜ್ಞರು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಎಲ್ಲರ ಟಿಎಸ್‌ಎಚ್ ಸರಿಯಿದ್ದರೂ ಶೇ 20ಕ್ಕೂ ಹೆಚ್ಚು ಜನರಲ್ಲಿ ಟಿ3 ಅಥವಾ ಟಿ4 ಇರಬೇಕಾದ ಮಿತಿಯಲ್ಲಿ ಇರಲಿಲ್ಲ. ಪಿಟ್ಯುಟರಿ ತನಗೆ ಬೇಕಾದ ಟಿ3ಯನ್ನು ಟಿ4ನಿಂದ ಬಹಳ ದಕ್ಷವಾಗಿ ಮಾಡಿಕೊಳ್ಳುತ್ತದೆ. ಬೇರೆ ಅಂಗಗಳಿಗೆ ಅಷ್ಟೇ ಸಲೀಸಾಗಿ ಆಗದಿರಬಹುದು. ಪಿಟ್ಯುಟರಿ ತೃಪ್ತವಾದ ಮಾತ್ರಕ್ಕೆ ಮಿದುಳು, ಮಾಂಸಖಂಡಗಳೂ ತೃಪ್ತ ಎನ್ನಲಾಗದು ಎಂಬ ವಾದ ಇಲ್ಲಿಂದ ಹುಟ್ಟುತ್ತದೆ. ಷಿಕಾಗೊದಲ್ಲಿ ಸಂಶೋಧಕ ಆಂಟೋನಿಯೊ ಬಿಯಾಂಕೊ ಅವರ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಬೆಂಬಲ ಕೊಟ್ಟಿವೆ. ಡಿಐಒ2 ಎಂಬ ಜೀನಿನ ಒಂದು ರೂಪ ಇರುವವರಲ್ಲಿ ಈ ಪರಿವರ್ತನೆ ಮಂದವಾಗಿರಬಹುದು ಎಂದು 2009ರ ಬ್ರಿಟಿಷ್ ಅಧ್ಯಯನವೊಂದು ಸೂಚಿಸಿತು. ಆದರೆ ಆ ಜೀನ್ ಪರೀಕ್ಷೆ ನೋಡಿ ಔಷಧಿ ಬರೆಯುವ ಮಟ್ಟಕ್ಕೆ ಆಧಾರ ಇನ್ನೂ ಗಟ್ಟಿಯಾಗಿಲ್ಲ.

ಹಾಗೆಂದು ಸುಸ್ತೆಲ್ಲ ಟಿ3 ಕೊರತೆಯಲ್ಲ. ಬೇರೆ ಹಾರ್ಮೋನ್ ಕೇಳುವ ಮೊದಲು ಈಗಿನ ಮಾತ್ರೆ ದೇಹಕ್ಕೆ ಸರಿಯಾಗಿ ಸೇರುತ್ತಿದೆಯೇ ಎಂದು ನೋಡಬೇಕು, ಮತ್ತು ತೊಂದರೆಯ ಮೂಲ ಬಹಳ ಸಲ ಇಲ್ಲೇ ಸಿಗುತ್ತದೆ. ಮಾತ್ರೆ ನುಂಗಿದ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿದರೆ ಔಷಧಿ ಹೀರಿಕೆ ತಗ್ಗುತ್ತದೆ. ಅರ್ಧದಿಂದ ಒಂದು ಗಂಟೆ ಬಿಡಬೇಕು. ಐರನ್, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲೇಬೇಕು, ಮತ್ತು ಇವನ್ನೆಲ್ಲ ಒಟ್ಟಿಗೆ ಅಂಗೈಯಲ್ಲಿಟ್ಟು ಒಂದೇ ಗುಟುಕಿಗೆ ನುಂಗುವ ಅಭ್ಯಾಸ ಹೆಂಗಸರಲ್ಲಿ ಬಹಳ. ಆಸಿಡಿಟಿ ಮಾತ್ರೆ ದಿನವೂ ತೆಗೆದುಕೊಳ್ಳುವವರಿಗೆ, ಸೀಲಿಯಾಕ್ ಕಾಯಿಲೆ ಅಥವಾ ಹೊಟ್ಟೆಯಲ್ಲಿ ಎಚ್. ಪೈಲೋರಿ ಸೋಂಕು ಇರುವವರಿಗೆ ಮಾಮೂಲು ಡೋಸ್ ಸಾಲದೇ ಹೋಗಬಹುದು. ಬೆಳಗಿನ ಗಡಿಬಿಡಿ ಹೊಂದದವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವ ಮುನ್ನ ನುಂಗಬಹುದು. ನೆದರ್ಲೆಂಡ್ಸ್‌ನ 2010ರ ಪ್ರಯೋಗದಲ್ಲಿ ಹೀಗೆ ಮಾಡಿದವರ ಹಾರ್ಮೋನ್ ಮಟ್ಟ ಇನ್ನೂ ಚೆನ್ನಾಗಿತ್ತು. ಹೀರಿಕೆಯ ತೊಂದರೆ ಇರುವವರಿಗಾಗಿ ಕೆಲವು ದೇಶಗಳಲ್ಲಿ ಲೆವೊಥೈರಾಕ್ಸಿನ್ನನ್ನೇ ದ್ರವ ಮತ್ತು ಮೆತ್ತನೆಯ ಜೆಲ್ ಕ್ಯಾಪ್ಸೂಲ್ ರೂಪದಲ್ಲಿ ಮಾರುತ್ತಾರೆ.

ರಕ್ತಪರೀಕ್ಷೆಯೇ ದಾರಿ ತಪ್ಪಿಸುವುದೂ ಉಂಟು. ಥೈರಾಯ್ಡ್ ಕೊರತೆಯಲ್ಲಿ ಕೂದಲು ಉದುರುತ್ತದೆ, ಕೂದಲಿಗೆಂದು ಬಯೋಟಿನ್ ಮಾತ್ರೆ ಕೊಳ್ಳುತ್ತಾರೆ, ಆ ಬಯೋಟಿನ್ ಕೆಲವು ಪರೀಕ್ಷಾ ವಿಧಾನಗಳಲ್ಲಿ ಟಿಎಸ್‌ಎಚ್ ಕಡಿಮೆಯೆಂದೂ ಟಿ4 ಜಾಸ್ತಿಯೆಂದೂ ಸುಳ್ಳು ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆಯೇ ಅದನ್ನು ನಿಲ್ಲಿಸಬೇಕು. ಇದಲ್ಲದೆ ರಕ್ತಹೀನತೆ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆ, ಗೊರಕೆಯ ನಿದ್ರಾರೋಗ, ಖಿನ್ನತೆ, ಮುಟ್ಟು ನಿಲ್ಲುವ ಕಾಲ, ಇವೆಲ್ಲದರ ಲಕ್ಷಣವೂ ಥೈರಾಯ್ಡ್‌ನದರಂತೆಯೇ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೊಟೊ ಕಾಯಿಲೆಯಲ್ಲಂತೂ ಸುಸ್ತು ಹಾರ್ಮೋನಿಗೆ ಸಂಬಂಧವಿಲ್ಲದೆಯೂ ಇರಬಹುದು. 2019ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗದಲ್ಲಿ, ಹಾರ್ಮೋನ್ ಮಟ್ಟ ಸರಿಯಿದ್ದೂ ಬಳಲುತ್ತಿದ್ದ, ರಕ್ತದಲ್ಲಿ ಪ್ರತಿಕಾಯಗಳು ವಿಪರೀತವಾಗಿದ್ದ 150 ಜನರಲ್ಲಿ ಕೆಲವರ ಗ್ರಂಥಿಯನ್ನೇ ತೆಗೆದಾಗ ಅವರ ಸುಸ್ತು ಗಮನಾರ್ಹವಾಗಿ ಇಳಿಯಿತು. ಇದನ್ನು ಎಲ್ಲರಿಗೂ ಚಿಕಿತ್ಸೆಯೆಂದು ಯಾರೂ ಹೇಳುತ್ತಿಲ್ಲ. ಕಾರಣ ಬೇರೆ ಕಡೆಯೂ ಇರಬಹುದೆಂಬುದಕ್ಕೆ ಮಾತ್ರ ಇದು ಸಾಕ್ಷಿ. ಟಿಎಸ್‌ಎಚ್ ಸ್ವಲ್ಪವೇ ಏರಿದ 65 ದಾಟಿದ 737 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಯುರೋಪಿನಲ್ಲಿ ಲೆವೊಥೈರಾಕ್ಸಿನ್ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಿ, ಔಷಧಿಯಿಲ್ಲದ ಮಾತ್ರೆ ನುಂಗಿದವರಿಗಿಂತ ಅವರಿಗೆ ಹೆಚ್ಚಿನ ಆರಾಮವೇನೂ ಸಿಗಲಿಲ್ಲ. ಇಂಥವರಿಗೆ ಮೊದಲ ಮಾತ್ರೆಯೇ ಬೇಕಿರಲಿಲ್ಲವೇನೋ. ಎರಡನೆಯದರ ಮಾತು ದೂರ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವವರಿಗೆ ಇರುವ ಮೊದಲ ಪರ್ಯಾಯ ಟಿ4 ಜೊತೆ ಸ್ವಲ್ಪ ಟಿ3 ಸೇರಿಸುವುದು. ಟಿ3ರ ಔಷಧಿರೂಪದ ಹೆಸರು ಲಿಯೊಥೈರೊನಿನ್. 1999ರಲ್ಲಿ ಲಿಥುವೇನಿಯಾದ ಬುನೆವಿಚಿಯಸ್ ಮತ್ತು ಸಂಗಡಿಗರು 33 ರೋಗಿಗಳಲ್ಲಿ 50 ಮೈಕ್ರೋಗ್ರಾಂ ಟಿ4 ಕಡಿತಗೊಳಿಸಿ ಅದರ ಬದಲು 12.5 ಮೈಕ್ರೋಗ್ರಾಂ ಟಿ3 ಕೊಟ್ಟಾಗ ಅವರ ಮನಸ್ಥಿತಿ, ಗ್ರಹಿಕೆ ಎರಡೂ ಸುಧಾರಿಸಿದವು. ವರದಿ ಸಂಚಲನ ಎಬ್ಬಿಸಿತು. ಆದರೆ ಆಮೇಲಿನ ಪ್ರಯೋಗಗಳು ಆ ಫಲವನ್ನು ಮತ್ತೆ ಕಾಣಲಿಲ್ಲ: 1,216 ರೋಗಿಗಳನ್ನೊಳಗೊಂಡ 11 ಪ್ರಯೋಗಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ಮಿಶ್ರಣಕ್ಕೂ ಬರೀ ಟಿ4ಗೂ ವ್ಯತ್ಯಾಸ ಕಾಣಲಿಲ್ಲ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದ್ದಕ್ಕೆ ಕಾರಣವಿದೆ. ಆ ಪ್ರಯೋಗಗಳಲ್ಲಿ ಹೆಚ್ಚಿನವು ಆರಾಮಾಗಿದ್ದವರನ್ನೂ ಬಳಲುತ್ತಿದ್ದವರನ್ನೂ ಬೇರ್ಪಡಿಸದೆ ಸೇರಿಸಿಕೊಂಡಿದ್ದವು. ತೊಂದರೆಯೇ ಇಲ್ಲದವರಲ್ಲಿ ಸುಧಾರಣೆ ಹುಡುಕಿದರೆ ಸಿಗುವುದಾದರೂ ಎಲ್ಲಿಂದ? 2021ರಲ್ಲಿ ಅಮೆರಿಕದಲ್ಲಿ 75 ಮಂದಿಯ ಮೇಲೆ ಟಿ4, ಟಿ4-ಟಿ3 ಮಿಶ್ರಣ, ಪ್ರಾಣಿಗ್ರಂಥಿಯ ಮಾತ್ರೆ ಮೂರನ್ನೂ ಸರದಿಯಂತೆ ಪ್ರಯೋಗಿಸಿದಾಗ, ಒಟ್ಟಾರೆ ಲೆಕ್ಕದಲ್ಲಿ ಮೂರೂ ಸಮ ಬಂದವು. ಆದರೆ ಬರೀ ಟಿ4 ನುಂಗುವಾಗ ಅತಿ ಹೆಚ್ಚು ಬಳಲುತ್ತಿದ್ದ ಮೂರನೇ ಒಂದು ಭಾಗದವರಿಗೆ ಟಿ3 ಇರುವ ಔಷಧಿಗಳಿಂದ ಅನುಕೂಲವಾಗಿತ್ತು. ಸಂಖ್ಯೆ ಚಿಕ್ಕದು, ಸುಳಿವು ಮಾತ್ರ ಕಡೆಗಣಿಸುವಂಥದ್ದಲ್ಲ.

ಪ್ರಮಾಣ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಯುರೋಪಿನ ಥೈರಾಯ್ಡ್ ತಜ್ಞರ ಸಂಘ 2012ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಟಿ4 ಮತ್ತು ಟಿ3 ಅನುಪಾತ 13:1ರಿಂದ 20:1ರ ನಡುವೆ ಇರಬೇಕು. ದಿನಕ್ಕೆ 100 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ತೆಗೆದುಕೊಳ್ಳುವವರಿಗೆ ಅದರ ಇಪ್ಪತ್ತನೇ ಒಂದು ಭಾಗ, ಅಂದರೆ 5 ಮೈಕ್ರೋಗ್ರಾಂ ಟಿ3 ಕೊಡುತ್ತಾರೆ. ಟಿ3 ಮೂರು ಪಟ್ಟು ಪ್ರಬಲ ಎಂದು ಲೆಕ್ಕ ಹಾಕಿ ಟಿ4ನಲ್ಲಿ 15 ಕಳೆದು 85ಕ್ಕೆ ಇಳಿಸುತ್ತಾರೆ. ಕಷ್ಟ ಇರುವುದು 5 ಮೈಕ್ರೋಗ್ರಾಂ ತೂಗುವುದರಲ್ಲಿ. ಸಿಗುವ ಮಾತ್ರೆ 20ರದ್ದಾದರೆ ಅದನ್ನು ಕಾಲುಭಾಗ ಮಾಡಬೇಕು, ಟಿ3ಯನ್ನು ಎರಡು ಹೊತ್ತಿಗೆ ಹಂಚಬೇಕೆಂದರೆ ಇನ್ನೂ ಚೂರು ಮಾಡಬೇಕು. ಬ್ಲೇಡಿನ ಕೆಳಗೆ ಅದು ಸಮನಾಗಿ ಒಡೆಯುವ ಭರವಸೆ ಇಲ್ಲ. ಹೊತ್ತು ಹಂಚುವುದಕ್ಕೂ ಕಾರಣವಿದೆ. ನುಂಗಿದ ಎರಡು ಮೂರು ತಾಸಿನಲ್ಲಿ ಟಿ3 ರಕ್ತದಲ್ಲಿ ದಿಢೀರನೆ ಏರಿ, ದಿನ ಕಳೆಯುವುದರೊಳಗೆ ಬಹಳಷ್ಟು ಇಳಿದುಬಿಡುತ್ತದೆ. ಆ ಏರಿಕೆಯ ಹೊತ್ತಿನಲ್ಲಿ ಎದೆ ಬಡಿತ ಜೋರಾಗುವುದು, ಕೈ ನಡುಗುವುದು, ಬೆವರುವುದು ಆಗಬಹುದು. ನಿಧಾನವಾಗಿ ಬಿಡುಗಡೆಯಾಗುವ ಟಿ3 ಮಾತ್ರೆಗಾಗಿ ಸಂಶೋಧನೆ ನಡೆಯುತ್ತಲೇ ಇದೆ. ಈ ಚಿಕಿತ್ಸೆಯಲ್ಲಿರುವವರು ರಕ್ತಪರೀಕ್ಷೆಗೆ ಹೋಗುವಾಗ ಆ ಬೆಳಗಿನ ಟಿ3 ನುಂಗದೇ ಹೋಗಬೇಕು, ಇಲ್ಲದಿದ್ದರೆ ವರದಿ ಆ ಏರಿಕೆಯನ್ನೇ ತೋರಿಸುತ್ತದೆ.

ಬ್ರಿಟನ್ನಿನ ತಜ್ಞ ಸಂಘಗಳು 2023ರಲ್ಲಿ ಒಮ್ಮತಕ್ಕೆ ಬಂದದ್ದು ಹೀಗೆ: ಥೈರಾಯ್ಡ್ ಕೊರತೆ ಖಚಿತವಾಗಿದ್ದು, ಸಾಕಷ್ಟು ಟಿ4 ಕೊಟ್ಟೂ ಬಳಲುತ್ತಿರುವವರಿಗೆ ಮಿಶ್ರಣವನ್ನು ಮೂರರಿಂದ ಆರು ತಿಂಗಳು ಕೊಟ್ಟು ನೋಡಬಹುದು. ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ ಟಿ3 ಬಳಸಿದ ಸುಮಾರು 400 ಜನರ ದೀರ್ಘಕಾಲದ ದಾಖಲೆ ಪರಿಶೀಲಿಸಿದಾಗ ಹೃದಯದ ಲಯ ತಪ್ಪುವುದಾಗಲಿ ಮೂಳೆ ಮುರಿತವಾಗಲಿ ಹೆಚ್ಚಿರಲಿಲ್ಲ. ಇದು ಸಮಾಧಾನದ ಮಾತಾದರೂ, ಡೋಸ್ ಮಿತಿ ಮೀರದಿದ್ದರೆ ಮಾತ್ರ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ ಹಿರಿಯರನ್ನು ಹತ್ತು ವರ್ಷ ಗಮನಿಸಿದ 1994ರ ಅಧ್ಯಯನದಲ್ಲಿ, ಟಿಎಸ್‌ಎಚ್ ತೀರಾ ಕೆಳಗಿದ್ದವರಿಗೆ ಹೃದಯದ ಲಯ ತಪ್ಪುವ ಅಪಾಯ ಮೂರು ಪಟ್ಟಿತ್ತು. ಟಿ3 ಸೇರಿಸಿದಾಗ ಟಿಎಸ್‌ಎಚ್ ಸುಲಭವಾಗಿ ನೆಲ ಕಚ್ಚುತ್ತದೆ.

ಎರಡನೇ ಪರ್ಯಾಯ ಹಳೆಯದೇ: ಹಂದಿಯ ಥೈರಾಯ್ಡನ್ನು ಒಣಗಿಸಿ ಪುಡಿಮಾಡಿದ ಮಾತ್ರೆ. ಅಮೆರಿಕದಲ್ಲಿ ಆರ್ಮರ್ ಥೈರಾಯ್ಡ್, ಎನ್‌ಪಿ ಥೈರಾಯ್ಡ್ ಮುಂತಾದ ಹೆಸರುಗಳಲ್ಲಿ ಮಾರಾಟವಾಗುತ್ತದೆ. ‘ನೈಸರ್ಗಿಕ’ ಎಂಬ ವಿಶೇಷಣ ಇದಕ್ಕೆ ದೊಡ್ಡ ಬಳಗವನ್ನೇ ಗಳಿಸಿಕೊಟ್ಟಿದೆ. ಆದರೆ ನಿಸರ್ಗದ ಮಾತು ಬಂದರೆ ಅದು ಹಂದಿಯ ನಿಸರ್ಗ. 60 ಮಿಲಿಗ್ರಾಂ ಆರ್ಮರ್ ಮಾತ್ರೆಯಲ್ಲಿ 38 ಮೈಕ್ರೋಗ್ರಾಂ ಟಿ4, 9 ಮೈಕ್ರೋಗ್ರಾಂ ಟಿ3 ಇರುತ್ತದೆ. ಅಂದರೆ ನಾಲ್ಕಕ್ಕೆ ಒಂದು. ಮನುಷ್ಯನ ಗ್ರಂಥಿ ಕೊಡುವುದಕ್ಕಿಂತ ಟಿ3 ಪಾಲು ಇಲ್ಲಿ ಮೂರು ಪಟ್ಟಿಗೂ ಮಿಗಿಲು. ಗುಣಮಟ್ಟದ ಸಮಸ್ಯೆಯೂ ಇದೆ: ಎನ್‌ಪಿ ಥೈರಾಯ್ಡ್‌ನ ಕೆಲವು ಬ್ಯಾಚ್‌ಗಳನ್ನು 2020ರ ಮೇ ತಿಂಗಳಲ್ಲಿ ಹಾರ್ಮೋನ್ ಹೆಚ್ಚಿದೆಯೆಂದೂ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೇರೆ ಬ್ಯಾಚ್‌ಗಳನ್ನು ಕಡಿಮೆಯಿದೆಯೆಂದೂ ವಾಪಸು ಪಡೆಯಬೇಕಾಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ವೈದ್ಯರು ಇದನ್ನು ಬರೆದುಕೊಟ್ಟರೆ, ಇದು ಹಂದಿಯದೆಂಬುದು ಡಬ್ಬಿಯ ಮುಂಭಾಗದಿಂದ ತಿಳಿಯದೇ ಹೋಗಬಹುದು. ಸಸ್ಯಾಹಾರಿಗಳು, ಮುಸ್ಲಿಮರು ಕೇಳಿ ತಿಳಿದುಕೊಳ್ಳಬೇಕಾದ ಸಂಗತಿ ಇದು.

ಹಾಗಿದ್ದೂ ರೋಗಿಗಳ ಒಲವನ್ನು ಭ್ರಮೆ ಎಂದು ತಳ್ಳಿಹಾಕಲಾಗದು. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ವೈದ್ಯರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 70 ಮಂದಿಗೆ ತಲಾ 16 ವಾರ ಎರಡೂ ಬಗೆಯ ಮಾತ್ರೆ ಕೊಟ್ಟರು. ಯಾವಾಗ ಯಾವುದು ಎಂದು ರೋಗಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ಕೊನೆಗೆ ಕೇಳಿದಾಗ ಶೇ 49 ಮಂದಿ ಹಂದಿ ಗ್ರಂಥಿಯ ಮಾತ್ರೆಯನ್ನೂ ಶೇ 19 ಮಂದಿ ಲೆವೊಥೈರಾಕ್ಸಿನ್ನನ್ನೂ ಮೆಚ್ಚಿದರು, ಉಳಿದವರಿಗೆ ಎರಡೂ ಒಂದೇ ಅನಿಸಿತ್ತು. ಹಂದಿ ಗ್ರಂಥಿಯ ಮಾತ್ರೆ ನುಂಗುತ್ತಿದ್ದಾಗ ತೂಕವೂ ಒಂದೂಕಾಲು ಕಿಲೊಗಿಂತ ಸ್ವಲ್ಪ ಹೆಚ್ಚು ಇಳಿದಿತ್ತು. ಲಕ್ಷಣಗಳ ಅಳತೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಒಂದಿಷ್ಟು ತೂಕ ಇಳಿದದ್ದೇ ಮೆಚ್ಚುಗೆಗೆ ಕಾರಣವೋ, ಅಳತೆಗೆ ಸಿಗದ ಆರಾಮ ಏನಾದರೂ ಇತ್ತೋ ಎಂಬುದು ತೀರ್ಮಾನವಾಗಿಲ್ಲ.

ಟಿ3 ಒಂದನ್ನೇ ಕೊಡುವ ಮೂರನೇ ದಾರಿಗೆ ಸಾಕ್ಷ್ಯ ತೀರಾ ಕಡಿಮೆ. ಥೈರಾಯ್ಡ್ ಕ್ಯಾನ್ಸರಿನವರಿಗೆ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಮುನ್ನ ಕೆಲವು ವಾರ ಕೊಡುವಂಥ ಸಂದರ್ಭ ಬಿಟ್ಟರೆ ದಿನನಿತ್ಯದ ಚಿಕಿತ್ಸೆಯಾಗಿ ಇದನ್ನು ಯಾವ ತಜ್ಞ ಸಂಘವೂ ಶಿಫಾರಸು ಮಾಡುವುದಿಲ್ಲ. ರಕ್ತಪರೀಕ್ಷೆ ಬದಿಗಿಟ್ಟು, ಬೆಳಗ್ಗೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಮೈ ತಣ್ಣಗಿದ್ದರೆ ಥೈರಾಯ್ಡ್ ಕೊರತೆ ಎಂದು ನಿರ್ಧರಿಸುವ ಪದ್ಧತಿಯನ್ನು ಅಮೆರಿಕದ ಬ್ರೋಡಾ ಬಾರ್ನ್ಸ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಅದರ ಬಾಲ ಹಿಡಿದು ಇಂದಿಗೂ ಅನೇಕರು ಬೇಡದ ಹಾರ್ಮೋನ್ ನುಂಗುತ್ತಾರೆ.

‘ಥೈರಾಯ್ಡ್ ಸಪೋರ್ಟ್’ ಎಂದು ಚೀಟಿಯಿಲ್ಲದೆ ಮಾರುವ ಪೂರಕಗಳು ಇದಕ್ಕಿಂತ ಅಪಾಯಕಾರಿ. ಅಮೆರಿಕದಲ್ಲಿ ಅಂಥ 10 ಉತ್ಪನ್ನಗಳನ್ನು ಪರೀಕ್ಷಿಸಿದಾಗ 9ರಲ್ಲಿ ಟಿ3 ಇತ್ತು, 5ರಲ್ಲಿ ಟಿ4 ಇತ್ತು. ಗಿಡಮೂಲಿಕೆ ಎಂದುಕೊಂಡು ಲೆಕ್ಕವಿಲ್ಲದ ಹಾರ್ಮೋನ್ ನುಂಗಿದಂತಾಯಿತು. ಕಡಲಪಾಚಿಯ ಕ್ಯಾಪ್ಸೂಲುಗಳಲ್ಲಿ ಅಯೋಡಿನ್ ವಿಪರೀತವಿರಬಹುದು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಅಯೋಡಿನ್ ಉಪ್ಪು ತಿನ್ನುವವರಿಗೆ ಅದು ಸಿಗುತ್ತದೆ. ಮೊದಲೇ ಕೆಟ್ಟಿರುವ ಗ್ರಂಥಿ ಹೆಚ್ಚಿನ ಅಯೋಡಿನ್‌ನಿಂದ ಇನ್ನಷ್ಟು ಮಂಕಾಗುತ್ತದೆ. ಅಶ್ವಗಂಧ ಕೊಂಚ ಬೇರೆ. ಟಿಎಸ್‌ಎಚ್ ಸ್ವಲ್ಪ ಏರಿದ್ದ 50 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಭಾರತದಲ್ಲಿ ಎಂಟು ವಾರ ಕೊಟ್ಟು ನೋಡಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟಿಎಸ್‌ಎಚ್ ಇಳಿದಿತ್ತು. ಪರಿಣಾಮ ಇದೆ ಎಂದಾದರೆ ಅಡ್ಡಪರಿಣಾಮವೂ ಇರುತ್ತದೆ: ಥೈರಾಯ್ಡ್ ಹಾರ್ಮೋನ್ ಮಿತಿಮೀರಿದ ಮತ್ತು ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ, ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಆಯುರ್ವೇದದಲ್ಲಿ ಗಳಗಂಡಕ್ಕೆ ಬಳಸುವ ಕಾಂಚನಾರ ಗುಗ್ಗುಳು ಹಾರ್ಮೋನ್ ಅಲ್ಲ. ಗ್ರಂಥಿ ಪೂರ್ತಿ ನಿಂತುಹೋದವರು ಅಥವಾ ತೆಗೆಸಿಕೊಂಡವರು ಅದನ್ನು ನಂಬಿ ಲೆವೊಥೈರಾಕ್ಸಿನ್ ಬಿಟ್ಟರೆ ಪ್ರಾಣಕ್ಕೇ ಕುತ್ತು.

ಗರ್ಭಿಣಿಯರಿಗೆ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಟಿ4 ಆಧಾರದ ಮೇಲೆ. ಟಿ3 ಪ್ರಧಾನವಾದ ಔಷಧಿಗಳು ತಾಯಿಯ ಟಿ4 ಮಟ್ಟವನ್ನು ತಗ್ಗಿಸುತ್ತವೆ. ಆದ್ದರಿಂದ ಗರ್ಭ ಧರಿಸುವ ಯೋಚನೆಯಿದ್ದಾಗಲೇ ಲೆವೊಥೈರಾಕ್ಸಿನ್‌ಗೆ ಮರಳಬೇಕು, ಗರ್ಭ ನಿಂತ ಮೇಲೆ ಅದರ ಡೋಸನ್ನು ಸಾಮಾನ್ಯವಾಗಿ ಕಾಲುಭಾಗದಷ್ಟು ಏರಿಸುತ್ತಾರೆ. ಹೃದಯದ ಕಾಯಿಲೆ, ಲಯದ ತೊಂದರೆ, ಮೂಳೆ ಸವೆತ ಇರುವವರಿಗೂ ವಯಸ್ಸಾದವರಿಗೂ ಟಿ3 ಸಲ್ಲದು.

ಬೇಕೆಂದವರಿಗೂ ಈ ಪರ್ಯಾಯಗಳು ಸುಲಭವಾಗಿ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಲಿಯೊಥೈರೊನಿನ್‌ನ ಒಂದು ಪ್ಯಾಕಿಗೆ ಸರ್ಕಾರಿ ಆರೋಗ್ಯ ಸೇವೆ ತೆರುತ್ತಿದ್ದ ಬೆಲೆ 2009ರಲ್ಲಿ 20 ಪೌಂಡ್ ಇದ್ದದ್ದು 2017ರ ಹೊತ್ತಿಗೆ 248 ಪೌಂಡ್ ಆಗಿ, ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2021ರಲ್ಲಿ ಔಷಧಿ ಕಂಪನಿಗೂ ಅದರ ಹಿಂದಿನ ಮಾಲೀಕರಿಗೂ ಒಟ್ಟು ಹತ್ತು ಕೋಟಿ ಪೌಂಡಿಗೂ ಹೆಚ್ಚು ದಂಡ ವಿಧಿಸಿತು. ಅಮೆರಿಕದಲ್ಲಿ ಹಂದಿ ಗ್ರಂಥಿಯ ಮಾತ್ರೆ ಇಂದಿನ ಅನುಮೋದನೆ ಕಾನೂನಿಗಿಂತ ಹಳೆಯದಾದ್ದರಿಂದ ಅನುಮೋದನೆಯಿಲ್ಲದೆಯೇ ಇಷ್ಟು ವರ್ಷ ಮಾರಾಟವಾಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಯಾರಕರಿಗೆ ಪತ್ರ ಬರೆದು ಕ್ರಮದ ಎಚ್ಚರಿಕೆ ಕೊಟ್ಟಿತು, ರೋಗಿಗಳು ಬೇರೆ ಔಷಧಿಗೆ ಬದಲಾಗಲು ಸಮಯವನ್ನೂ ಕೊಟ್ಟಿತು. ಕರ್ನಾಟಕದ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದ ಕೂಡಲೇ ಸಿಗುವುದು ಲೆವೊಥೈರಾಕ್ಸಿನ್ ಒಂದೇ. ಟಿ3 ಪ್ರಯತ್ನಿಸಬೇಕೆಂದರೆ ಹಾರ್ಮೋನ್ ತಜ್ಞರ ಚೀಟಿ ಬೇಕು, ಶುರುಮಾಡಿದ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಕೊಡಬೇಕು, ಆರು ತಿಂಗಳಾದರೂ ಗುಣ ಕಾಣದಿದ್ದರೆ ಹಳೆಯ ಡೋಸಿಗೇ ಮರಳುವುದು ರೂಢಿ.